ಮೋಟಾರಿಗೆ ಚಾ

"ಬೇಡ ಆಪಾ. ಸೀಲ್ ಹಾಕಿದ ಮೋಟಾರು ಅದು. ನನ್ನ ಕೆಲಸ ಹೋಗುತ್ತೆ."

"ಹೋದ್ರೆ ಹೋಗ್ಲಿ ಮೆದೆತ್. ಆ ಕೆಲಸ ನಿಂಗೆ ಕಲಿಸಿದವಳು ನಾನೇ. ಬಟ್ಟಲು ಸರಿಯಾಗಿ ಹಿಡಿ."

ಕ್ಯಾಪ್ಟನ್ ಮೆದೆತ್ ಬಟ್ಟಲು ಹಿಡಿದ. ಅವನು ಅಕ್ಕ ಎಂದೇ ಕರೆಯುವ ರೌಝಾ ಪೊಲೀಸ್ ಕೆಲಸ ಬಿಟ್ಟು ಆರು ವರ್ಷವಾಗಿತ್ತು. ಆದರೂ ಅವಳು ಗದರಿದರೆ ಕೈ ಅವನನ್ನು ಕೇಳದೆಯೇ ಮುಂದೆ ಬಂದುಬಿಡುತ್ತಿತ್ತು. ಅವಳು ದೋಣಿಯ ಹಿಂಬದಿಯಲ್ಲಿ ಮಂಡಿಯೂರಿ ಮೋಟಾರಿನ ಕೆಳಗಿನ ತಿರುಪಿಗೆ ಸ್ಪ್ಯಾನರ್ ಕೊಟ್ಟಳು. ದೋಣಿಯ ಹಾಗೆ ಸ್ಪ್ಯಾನರ್ ಕೂಡ ಕಾಣೆಯಾದ ತಾಸ್ಬೊಲಾತನದೇ. ಸರೋವರದ ದಡದ ಆ ಸಾಲಿನ ಹನ್ನೆರಡು ದೋಣಿ ಶೆಡ್ಡುಗಳಲ್ಲಿ ಅವನಿಂದ ಕಡ ತಂದ ಒಂದಾದರೂ ಸಾಮಾನಿಲ್ಲದ ಶೆಡ್ಡು ಇರಲಿಲ್ಲ.

ತಾಸ್ಬೊಲಾತ್ ಭಾನುವಾರ ಬೆಳಿಗ್ಗೆ ಮೀನಿಗೆಂದು ಹೋದವನು. ಸೋಮವಾರ ಅವನ ದೋಣಿ ಮಾತ್ರ ಕೊಲ್ಲಿಯಲ್ಲಿ ಖಾಲಿ ತೇಲುತ್ತ ಸಿಕ್ಕಿತು. ಈಗ ಬುಧವಾರ ಮಧ್ಯಾಹ್ನ ಎರಡೂ ಇಪ್ಪತ್ತು.

ನಾಲ್ಕಕ್ಕೆ ಹುಡುಕುವ ಮೂರು ದೋಣಿಗಳೂ ನಗರಕ್ಕೆ ವಾಪಸು. ಮೇಲಿನಿಂದ ಆದೇಶ ಬಂದಾಗಿತ್ತು. ಅಕ್ಟೋಬರ್ ಚಳಿಯಲ್ಲಿ ಮೂರು ರಾತ್ರಿ ಕಳೆದ ಮನುಷ್ಯನನ್ನು ಹುಡುಕುವುದಿಲ್ಲ, ಹೆಣ ತಾನಾಗಿ ತೇಲುವವರೆಗೆ ಕಾಯುತ್ತಾರೆ. ರೌಝಾಳಿಗೆ ಆ ಲೆಕ್ಕಾಚಾರ ಗೊತ್ತಿತ್ತು. ಒಂದು ಕಾಲದಲ್ಲಿ ಅವಳೇ ಅಂಥ ಆದೇಶಕ್ಕೆ ಸಹಿ ಹಾಕಿದ್ದಳು. ಅದಕ್ಕೇ ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ದಡದ ಮೇಲೆ ತಿರುಗಾಡುತ್ತಿದ್ದಳು.

ತಿರುಪು ಸಡಿಲಾಯಿತು. ಮೋಟಾರಿನ ಹೊಟ್ಟೆಯಲ್ಲಿ ಉಳಿದಿದ್ದ ನೀರು ತೊಟ್ಟು ತೊಟ್ಟಾಗಿ ಬಿಳಿ ಪಿಂಗಾಣಿ ಬಟ್ಟಲಿಗೆ ಬಿತ್ತು. ಅವಳು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು.

"ಥೂ, ಏನ್ ಮಾಡ್ತಿದೀರಿ," ಅಂದ ಮೆದೆತ್.

"ಸಿಹಿ ನೀರು."

"ಸರೋವರದ ಈ ಕಡೆ ಸಿಹಿ ನೀರೇ ತಾನೆ? ಆ ಕಡೆ ಉಪ್ಪು, ಈ ಕಡೆ ಸಿಹಿ. ಬಾಲ್ಖಾಶಿನಲ್ಲಿ ಹುಟ್ಟಿದ ಕೂಸಿಗೂ ಗೊತ್ತು."

"ಸರೋವರದ ಸಿಹಿಗೆ ಜೊಂಡಿನ ವಾಸನೆ ಇರುತ್ತೆ. ಇದು ನಲ್ಲಿ ನೀರು. ಕಬ್ಬಿಣ ಕಬ್ಬಿಣ ಅನ್ನುತ್ತೆ. ಇದು ಪೀಪಾಯಿ ನೀರು ಮೆದೆತ್. ಯಾರೋ ಈ ಮೋಟಾರಿಗೆ ಚಾ ಕುಡಿಸಿದ್ದಾರೆ."

ಮೆದೆತ್ ಬೆಪ್ಪಾಗಿ ನೋಡಿದ. ಅವನು ದೋಣಿಯವನಲ್ಲ, ಕಾರಿನವನು.

ಈ ದಡದಲ್ಲಿ ಒಂದು ಕಟ್ಟಳೆ ಇದೆ. ಜಲಸಂಧಿ ದಾಟಿ ಪೂರ್ವದ ಉಪ್ಪು ನೀರಿಗೆ ಹೋಗಿ ಬಂದವನು ಮೊದಲು ಮೋಟಾರನ್ನು ಬಿಚ್ಚಿ, ಶೆಡ್ಡಿಗೆ ಹೊತ್ತು ತಂದು, ಪೀಪಾಯಿಯ ನಲ್ಲಿ ನೀರಿಗೆ ಇಳಿಸಿ ಐದು ನಿಮಿಷ ಓಡಿಸಬೇಕು. ಇಲ್ಲದಿದ್ದರೆ ಉಪ್ಪು ಒಳಗೆ ಕಚ್ಚಿಕೊಂಡು ಮೋಟಾರು ವಾರದಲ್ಲೇ ಕೆಮ್ಮಲು ಶುರುಮಾಡುತ್ತದೆ. ಮೋಟಾರು ಚಾ ಕುಡಿಯುವ ಮೊದಲು ಮನುಷ್ಯ ಚಾ ಮುಟ್ಟುವ ಹಾಗಿಲ್ಲ. ಎಷ್ಟೇ ಚಳಿ ಇರಲಿ, ಎಷ್ಟೇ ಹಸಿವಿರಲಿ, ಮೊದಲು ಅದಕ್ಕೆ.

"ಅಂದ್ರೆ ದೋಣಿ ಉಪ್ಪಿನ ಕಡೆ ಹೋಗಿತ್ತು ಅಂತೀರಾ?"

"ಹಗ್ಗ ನೋಡು." ಸುರುಳಿ ಸುತ್ತಿದ್ದ ಹಗ್ಗವನ್ನು ಅವಳು ಬಿಡಿಸಿದಳು. ಒಳಸುತ್ತುಗಳು ಒಣಗಿ ಬೆಳ್ಳಗಾಗಿದ್ದವು, ಮುಟ್ಟಿದರೆ ಬೆರಳಿಗೆ ಉಪ್ಪಿನ ಪುಡಿ ಹತ್ತಿತು. "ಹೋಗಿ ಬಂದಿದೆ. ಬಂದ ಮೇಲೆ ಚಾ ಕುಡಿದಿದೆ. ಅದಾದ ಮೇಲೆ ಒಂದೇ ಒಂದು ಸಲವೂ ಓಡಿಲ್ಲ. ಓಡಿದ್ರೆ ಒಳಗೆ ಸರೋವರದ ನೀರು ತುಂಬ್ಕೊಳ್ತಿತ್ತು."

ಮೆದೆತ್ ನಿಧಾನಕ್ಕೆ ಅಂದ, "ಓಡದೆ ಇರೋ ದೋಣಿ ಕೊಲ್ಲಿ ಮಧ್ಯಕ್ಕೆ ಹೇಗೆ ಹೋಯ್ತು?"

"ಭಾನುವಾರ ರಾತ್ರಿ ಗಾಳಿ ದಡದಿಂದ ಬೀಸ್ತಿತ್ತು. ಹಗ್ಗ ಬಿಚ್ಚಿದ್ರೆ ಸಾಕು." ಅವಳು ಎದ್ದು ನಿಂತಳು. "ಇದೇ ಕಟ್ಟೆಯಿಂದ ಬಿಟ್ಟಿದ್ದಾರೆ. ತಾಸ್ಬೊಲಾತ್ ಈ ನೀರಲ್ಲಿ ಬಿದ್ದೇ ಇಲ್ಲ. ಮೂರು ದಿನದಿಂದ ನೀವು ಅವನಿಲ್ಲದ ಕಡೆ ಹುಡುಕ್ತಿದೀರಿ."

ಹಿಂದಿನಿಂದ ಒಂದು ದೊಡ್ಡ ನಗು ಕೇಳಿತು.

"ಏನ್ ರೌಝಾ, ಮೋಟಾರಿನ ಉಚ್ಚೆ ಕುಡೀತಿದೀಯಂತೆ? ಚಾ ಬೇಕಿದ್ರೆ ನನ್ನ ಕೇಳಬಾರ್ದಾ?"

ಒರಿನ್ಬೆಕ್. ಅರವತ್ತೆರಡರ ದಪ್ಪ ಆಸಾಮಿ, ಈ ಸಾಲಿನ ಹಿರಿಯ. ದೋಣಿಗಳನ್ನು ದಡಕ್ಕೆಳೆಯುವ ರಾಟೆಯ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತಿತ್ತು. ಎಲ್ಲರೂ ಅವನನ್ನು ಆಗಾ, ಅಂದರೆ ಅಣ್ಣ, ಅನ್ನುತ್ತಿದ್ದರು, ಅವನಿಗಿಂತ ದೊಡ್ಡವರೂ. ಅವನ ಹಿಂದೆ ವಲೇರಾ ಪಾಕ್ ಬಂದ. ಬಲೆ ಹೆಣೆಯುವುದರಲ್ಲಿ ಅವನಷ್ಟು ಕೈಚಳಕದ ಕೊರಿಯನ್ ಈ ದಡದಲ್ಲಿ ಇನ್ನೊಬ್ಬನಿರಲಿಲ್ಲ. ಅವನಷ್ಟು ಮುಂಗೋಪಿಯೂ ಇರಲಿಲ್ಲ.

ರೌಝಾ ಇಬ್ಬರಿಗೂ ಹೇಳಿದಳು, ಒಂದೂ ಬಿಡದೆ. ಹೇಳುತ್ತ ಅವರ ಮುಖ ನೋಡಿದಳು. ಹಳೇ ಚಾಳಿ.

ಒರಿನ್ಬೆಕನ ನಗು ನಿಂತಿತು. ಅವನು ಟೋಪಿ ತೆಗೆದು ತಲೆ ಸವರಿಕೊಂಡ. "ಹಾಗಾದ್ರೆ ನಮ್ಮವರೇ ಯಾರೋ. ಅಯ್ಯೋ ಪಾಪ ತಾಸ್ಬೊಲಾತ್." ಆಮೇಲೆ ಪಾಕನ ಕಡೆ ನೋಡದೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಅಂದ, "ಹೋದ ವಾರ ರಾಟೆ ಸರದಿಗೆ ಅವನ ಜೊತೆ ಜಗಳ ಆಡಿದವರು ಯಾರು ಅಂತ ನಾನು ಹೇಳೋದಿಲ್ಲಪ್ಪ."

"ನಾನೇ," ಅಂದ ಪಾಕ್. "ನೀರಿಗೆ ಎಸೀತೀನಿ ಅಂತಾನೂ ಅಂದಿದ್ದೆ. ಮಾರನೇ ದಿನ ಅವನ ಮನೆಗೆ ಎರಡು ಮೀನು ತಗೊಂಡು ಹೋಗಿದ್ದೆ, ಅದನ್ನೂ ಹೇಳಿ ಆಗಾ."

"ನಿನ್ನ ಪೀಪಾಯಿ ನೋಡ್ಬೇಕು ವಲೇರಾ," ಅಂದಳು ರೌಝಾ.

"ಏನು?"

"ಪೀಪಾಯಿ. ತಾಸ್ಬೊಲಾತನದು ಒಣಗಿದೆ. ಚಾ ಯಾವ ಪೀಪಾಯಿಯಲ್ಲಿ ಕುಡಿಸಿದ್ದು ಅಂತ ಗೊತ್ತಾದ್ರೆ ಎಲ್ಲಾ ಗೊತ್ತಾಗುತ್ತೆ."

ಪಾಕನ ಮುಖ ಕೆಂಪಾಯಿತು. "ಹನ್ನೊಂದು ವರ್ಷ ಒಂದೇ ಬೆಂಚಲ್ಲಿ ಕೂತು ಚಾ ಕುಡಿದಿದೀವಿ ರೌಝಾ ಆಪಾ."

"ಅದಕ್ಕೇ ಕೇಳ್ತಿದೀನಿ. ಬೇರೆಯವರಾಗಿದ್ರೆ ಕೇಳ್ದೇನೇ ಒಳಗೆ ಹೋಗ್ತಿದ್ದೆ."

ಅವನು ಹೋಗಿ ತನ್ನ ಶೆಡ್ಡಿನ ಬಾಗಿಲನ್ನು ಒದ್ದು ತೆರೆದ. ಮೂಲೆಯಲ್ಲಿದ್ದ ಪೀಪಾಯಿಯನ್ನು ಎಳೆದು ತಂದು ಅವಳ ಕಾಲ ಬಳಿ ಉರುಳಿಸಿದ. ತಳದಲ್ಲಿ ಮುಷ್ಟಿಯಷ್ಟು ತೂತು. ತೂತಿನ ಸುತ್ತ ಜೇಡ ಬಲೆ ಕಟ್ಟಿ ಸಂಸಾರ ಹೂಡಿತ್ತು.

"ಸೆಪ್ಟೆಂಬರಿನಿಂದ ಹೀಗಿದೆ. ತಾಸ್ಬೊಲಾತ್ ಬೆಸೆದು ಕೊಡ್ತೀನಿ ಅಂದಿದ್ದ. ಈ ವಾರ." ಅವನು ಪೀಪಾಯಿಯನ್ನು ಒದ್ದ. "ಇನ್ನೇನು ನೋಡ್ಬೇಕು? ನನ್ನ ಚಡ್ಡಿ ಜೇಬು ನೋಡ್ತೀರಾ?"

ರೌಝಾಳಿಗೆ ನಾಚಿಕೆಯಾಯಿತು. ಹೌದು, ಈ ಸಾಲಿನಲ್ಲಿ ತೂತಾದದ್ದು, ಮುರಿದದ್ದು ಎಲ್ಲ ಬೆಸೆದು ಕೊಡುತ್ತಿದ್ದವನು ತಾಸ್ಬೊಲಾತನೇ. ತನ್ನ ಮೋಟಾರಿನ ಹೊಗೆ ಕೊಳವೆಯ ತೂತನ್ನು ಮಾತ್ರ ಅವನು ಬೆಸೆದಿರಲಿಲ್ಲ. ಅದು ಓಡುವಾಗ ಸೀಟಿ ಹೊಡೆಯುತ್ತಿತ್ತು. ಮೈಲಿ ದೂರದಿಂದಲೇ ಅದನ್ನು ಕೇಳಿ ಸಾಲಿನವರು ಅವನು ಬಂದನೆಂದು ಕೆಟಲ್ ಒಲೆಗಿಡುತ್ತಿದ್ದರು.

"ತಪ್ಪಾಯ್ತು ವಲೇರಾ."

"ಆಯ್ತು ಬಿಡಿ," ಅಂದ ಪಾಕ್. ಆದರೆ ಬಿಡಲಿಲ್ಲ, ಬೆನ್ನು ತಿರುಗಿಸಿ ನಿಂತ.

"ನಂದೂ ನೋಡ್ಕೊ," ಅಂದ ಒರಿನ್ಬೆಕ್. "ಹೋದ ವಾರವೇ ಮಗುಚಿಟ್ಟೆ. ಈ ವರ್ಷದ ಉಪ್ಪಿನ ಸವಾರಿ ನಂಗೆ ಮುಗೀತು."

"ಮತ್ತೆ ನಿಮ್ಮ ಮೋಟಾರು ಯಾಕೆ ಸೋಮವಾರದಿಂದ ಕ್ಷಯದವನ ಹಾಗೆ ಕೆಮ್ತಿದೆ ಆಗಾ?" ಪಾಕ್ ತಿರುಗದೆಯೇ ಕೇಳಿದ.

"ವಯಸ್ಸಾಯ್ತು ಮಾರಾಯ. ನಂಗೂ, ಅದಕ್ಕೂ."

ಮೆದೆತ್ ಗಡಿಯಾರ ನೋಡಿಕೊಂಡ. "ಆಪಾ, ಒಂದು ಬಿಳಿ ಹಗ್ಗ ತೋರಿಸಿ ಮೂರು ದೋಣಿ ತಿರುಗ್ಸೋಕೆ ಆಗಲ್ಲ. ಹಗ್ಗದ ಉಪ್ಪು ಹೋದ ತಿಂಗಳದ್ದೂ ಇರಬಹುದು ಅಂತಾರೆ. ಯಾರು, ಯಾವ ಪೀಪಾಯಿ, ಅದು ಕೊಡಿ. ಮೇಲಿನವರ ಜೊತೆ ನಾನು ಮಾತಾಡ್ತೀನಿ."

ಅವಳು ಅವನ ಕೈಯಿಂದ ಬಟ್ಟಲು ತೆಗೆದುಕೊಂಡಳು. ಚೆಲ್ಲಲೆಂದು ಓರೆ ಮಾಡಿದಳು. ನೀರು ಒಂದು ಬದಿಗೆ ಸರಿಯಿತು.

ಬಿಳಿಯ ತಳದಲ್ಲಿ ಕಪ್ಪಗೆ ಏನೋ ಅಂಟಿಕೊಂಡಿತ್ತು. ಅಕ್ಕಿಕಾಳಿಗಿಂತ ಚಿಕ್ಕದು. ಅವಳು ಉಗುರಿನಿಂದ ಎತ್ತಿ ನೋಡಿದಳು.

ಚಹಾ ಸೊಪ್ಪು.

ಬಟ್ಟಲನ್ನು ತೊಳೆದು ಒರೆಸಿದವಳು ಅವಳೇ. ಈಗ ನೋಡಿದರೆ ನೀರಿಗೂ ಒಂದಿಷ್ಟು ಕಂದು ಬಣ್ಣವಿತ್ತು, ತುಕ್ಕೆಂದು ತಿಳಿದಿದ್ದಳು.

ರೌಝಾ ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಸೋಸಿ ಉಳಿದ ಚಹಾ ಸೊಪ್ಪನ್ನು ಪೀಪಾಯಿಗೆ ಹಾಕುವುದು ಅವಳ ಅಪ್ಪನ ಹುಚ್ಚು. ತುಕ್ಕು ಹಿಡಿಯುವುದಿಲ್ಲವೆಂದು ಅವನು ಹಟ ಹಿಡಿದು ಹೇಳುತ್ತಿದ್ದ. ಸಾಲಿನವರು ಹೊಟ್ಟೆ ಹಿಡಿದು ನಕ್ಕು, ಮೋಟಾರಿಗೆ ಚಾ ಅಂತ ಹೆಸರಿಟ್ಟಿದ್ದೇ ಆಗ. ಹೆಸರನ್ನು ಎಲ್ಲರೂ ಇಟ್ಟುಕೊಂಡರು. ಸೊಪ್ಪು ಹಾಕುವ ಮನೆ ಮಾತ್ರ ಈ ದಡದಲ್ಲಿ ಒಂದೇ. ಒಂಬತ್ತನೇ ಶೆಡ್ಡು. ಅವಳದು.

ಅವಳದು ಮತ್ತು ಅವಳ ತಮ್ಮ ಸಾಯಾತನದು.

ಅವಳು ಭಾನುವಾರ ಇಲ್ಲಿರಲಿಲ್ಲ, ನಗರದಲ್ಲಿ ಮದುವೆಗೆ ಹೋಗಿದ್ದಳು. ಬೀಗದ ಕೈ ಎರಡೇ. ಒಂದು ಅವಳ ಕೊರಳಲ್ಲಿ ಈಗಲೂ ತಣ್ಣಗೆ ತಗುಲುತ್ತಿತ್ತು. ಇನ್ನೊಂದು ತಮ್ಮನ ಹತ್ತಿರ.

ಬೆರಳನ್ನು ಪ್ಯಾಂಟಿಗೆ ಒರೆಸಿದರೆ ಮುಗಿಯಿತು. ಅವಳು ನಿಜವಾಗಿಯೂ ಹಾಗೆ ಯೋಚಿಸಿದಳು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅಮ್ಮ ಸತ್ತಾಗ ಸಾಯಾತನಿಗೆ ನಾಲ್ಕು ವರ್ಷ. ಅವನ ಮೂಗು ಒರೆಸಿದ್ದು, ಅವನಿಗೆ ಈಜು ಕಲಿಸಿದ್ದು, ಅವನ ಮದುವೆ ಮಾಡಿಸಿದ್ದು, ಮದುವೆ ಮುರಿದಾಗ ಮನೆಗೆ ಕರೆದುಕೊಂಡು ಬಂದದ್ದು, ಎಲ್ಲ ಅವಳೇ. ಒಂದು ಸೊಪ್ಪಿನ ಚೂರು. ಯಾರೂ ನೋಡಿರಲಿಲ್ಲ.

ಕಟ್ಟೆಯ ಕಂಬದ ಮೊಳೆಯಲ್ಲಿ ತಾಸ್ಬೊಲಾತನ ನೀಲಿ ಲೋಟ ನೇತಾಡುತ್ತಿತ್ತು. ಮೂರು ದಿನದಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

"ಮೆದೆತ್," ಅಂದಳು ರೌಝಾ. ದನಿ ತನ್ನದೇ ಅಲ್ಲವೆನ್ನಿಸಿತು. "ಪೀಪಾಯಿ ನಂದು."

ಬೆರಳು ಮುಂದೆ ಹಿಡಿದಳು. ಅವನು ಬಗ್ಗಿ ನೋಡಿದ. ಕಾರಿನವನಾದರೂ ಅವಳ ಮನೆಯ ಚಹಾ ಸೊಪ್ಪಿನ ಕತೆ ಅವನಿಗೆ ಗೊತ್ತಿತ್ತು, ಊರಿಗೇ ಗೊತ್ತಿತ್ತು.

"ನಾನು ಭಾನುವಾರ ಎಲ್ಲಿದ್ದೆ ಅನ್ನೋಕೆ ಮುನ್ನೂರು ಜನ ಸಾಕ್ಷಿ. ಬೀಗದ ಕೈ ಇನ್ನೊಂದು ಸಾಯಾತ್ ಹತ್ರ. ಬರ್ಕೊ. ಈಗ ದೋಣಿ ತಿರುಗಿಸು."

ಪಾಕ್ ಈಗ ತಿರುಗಿದ. ಅವಳನ್ನೇ ನೋಡಿದ.

"ಮೊದ್ಲು ಸಾಯಾತನ್ನ ಕೇಳೋಣ, ಎಲ್ಲಿ ಅಂತ—" ಮೆದೆತ್ ಶುರುಮಾಡಿದ.

"ಕೇಳ್ತಾ ಕೂತ್ರೆ ಬೆಳಕು ಹೋಗುತ್ತೆ," ಅಂದ ಒರಿನ್ಬೆಕ್. ಅವನು ಆಗಲೇ ಟೋಪಿ ಹಾಕಿಕೊಂಡಿದ್ದ. "ಸಂಧಿ ಮುಟ್ಟೋಕೇ ಒಂದು ಗಂಟೆ. ಆ ಕಡೆ ಇರೋದು ಹನ್ನೆರಡು ದ್ವೀಪ, ಹನ್ನೆರಡೂ ನಂಗೆ ಗೊತ್ತು. ನಾನು ಮುಂದಿನ ದೋಣಿಲಿ ನಿಂತ್ಕೋತೀನಿ. ಹುಡುಗ ಬಾಯ್ಬಿಟ್ರೆ ರೌಝಾ ಫೋನ್ ಮಾಡ್ತಾಳೆ. ನಡಿ ನಡಿ ನಡಿ."

ಮಾತು ಸರಿಯಾಗಿಯೇ ಇತ್ತು. ಮೆದೆತ್ ಗೇಟಿನ ಪೇದೆಗೆ ಯಾರನ್ನೂ ಹೊರಗೆ ಬಿಡಬೇಡವೆಂದು ಕೂಗಿ ಹೇಳಿ, ದೋಣಿಗೆ ಹಾರಿದ. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಒರಿನ್ಬೆಕ್ ಮುಂದೆ ನಿಂತ. ಮೂರೂ ದೋಣಿಗಳು ನೀರು ಸೀಳಿಕೊಂಡು ಹೊರಟವು.

ರೌಝಾ ಸಾಲಿನ ಕೊನೆಗೆ ನಡೆದಳು.

ಒಂಬತ್ತನೇ ಶೆಡ್ಡಿನ ಮುಂದೆ ಅವರ ದೋಣಿ ಚಳಿಗಾಲಕ್ಕೆಂದು ಮರದ ಆನಿಕೆಗಳ ಮೇಲೆ ಮಗುಚಿ ಮಲಗಿತ್ತು. ಸಾಯಾತ್ ಅದರ ತಳಕ್ಕೆ ಬಣ್ಣ ಹಚ್ಚುತ್ತಿದ್ದ. ಸೋಮವಾರವೂ ಹಚ್ಚುತ್ತಿದ್ದ, ನಿನ್ನೆಯೂ. ಅದೇ ಹಲಗೆಯಷ್ಟಗಲ ಜಾಗ. ಅವಳು ಅದನ್ನು ನೋಡಿಯೂ ನೋಡಿರಲಿಲ್ಲ. ಬಣ್ಣ ಬೆರಳಷ್ಟು ದಪ್ಪವಾಗಿ ಕೆಳಗೆ ಇಳಿಯುತ್ತಿತ್ತು.

ಅವಳು ಪೀಪಾಯಿಯ ಮುಚ್ಚಳ ತೆಗೆದಳು. ಶನಿವಾರ ಅವಳೇ ಹೊಸ ನೀರು ತುಂಬಿ ಮುಚ್ಚಿದ್ದಳು. ಈಗ ಮೇಲೆ ಎಣ್ಣೆಯ ಪೊರೆ ಬಣ್ಣಬಣ್ಣವಾಗಿ ತೇಲುತ್ತಿತ್ತು.

"ಸಾಯಾತ್."

ಬ್ರಷ್ ನಿಂತಿತು.

"ನಿಂಗೆ ಹನ್ನೆರಡು ವರ್ಷ ಇದ್ದಾಗ, ಮೋಟಾರಿಗೆ ಕುಡಿಸ್ದೆ ನೀನು ಚಾ ಕುಡಿದೆ ಅಂತ ಲೋಟ ಕಿತ್ಕೊಂಡು ಕೆನ್ನೆಗೆ ಬಾರಿಸಿದ್ದೆ. ನೆನಪಿದೆಯಾ?"

"ಇದೆ ಆಪಾ."

"ಅದಕ್ಕೇ ಕುಡಿಸಿದ್ಯಾ?"

ಅವನು ತಿರುಗಿದ. ಮೂರು ದಿನದಲ್ಲಿ ಅವನ ಮುಖ ಇಳಿದು ಅರ್ಧವಾಗಿತ್ತು. ನಲವತ್ತೊಂದು ವರ್ಷದ ಗಂಡಸು ಅಳುವ ಕೂಸಿನ ಹಾಗೆ ತುಟಿ ಕಚ್ಚಿಕೊಂಡಿದ್ದ. "ಉಪ್ಪು ತಿಂದ ಮೋಟಾರು ಆಪಾ. ತಾಸ್ಬೊಲಾತ್ ಆಗಾ ವಾಪಸ್ ಬಂದಾಗ ಹಾಳಾಗಿದ್ರೆ ಬೈತಿದ್ರು. ಕೈ ತಾನಾಗೇ ಮಾಡ್ತು. ಬಿಚ್ಚಿ ಇಲ್ಲಿಗೆ ತಂದೆ, ಕುಡಿಸ್ದೆ, ಮತ್ತೆ ಅವರ ದೋಣಿಗೇ ಕೂರಿಸ್ದೆ. ಸೀಟಿ ಕೇಳೋಕೆ ಆವತ್ತು ಸಾಲಲ್ಲಿ ಯಾರೂ ಇರ್ಲಿಲ್ಲ. ಕಟ್ಟೆಗೆ ಎರಡು ಗಂಟು ಹಾಕಿ ಕಟ್ಟಿದ್ದೆ. ಬಿಚ್ಚಿದ್ದು ನಾನಲ್ಲ."

"ತಾಸ್ಬೊಲಾತ್ ಎಲ್ಲಿ?"

"ಕೋಯ್ತಾಸ್."

ಉಪ್ಪಿನ ನಡುವೆ ಒಂದು ಬೋಳು ಬಂಡೆ. ಮರವಿಲ್ಲ, ಜೊಂಡಿಲ್ಲ, ಕುಡಿಯಲು ಹನಿ ನೀರಿಲ್ಲ.

"ಬದುಕಿದಾನಾ?"

"ನಾನು ಬಿಟ್ಟು ಬರೋವಾಗ ಚೆನ್ನಾಗಿದ್ರು. ಬೈತಿದ್ರು." ಈಗ ಮಾತು ಕಟ್ಟೆ ಒಡೆದ ಹಾಗೆ ಬಂತು. "ಅಲ್ಲಿ ಕಳ್ಳ ಬಲೆ ಇತ್ತು ಆಪಾ. ಅದ್ರಲ್ಲಿ ಎರಡು ನಂದು. ತಾಸ್ಬೊಲಾತ್ ಆಗಾ ನೋಡಿಬಿಟ್ರು. ಗುರುವಾರ ಸಾಲಿನ ಸಭೇಲಿ ಹೇಳ್ತೀನಿ, ಶೆಡ್ಡು ಬಿಡಿಸ್ತೀನಿ ಅಂದ್ರು. ಎರಡು ದಿನ ಬಂಡೆ ಮೇಲೆ ಕೂರಲಿ, ತಲೆ ತಣ್ಣಗಾಗುತ್ತೆ, ಅಷ್ಟ್ರಲ್ಲಿ ಬಲೆ ತೆಗೆದ್ಬಿಡೋಣ ಅಂತ ಮಾತಾಯ್ತು. ಕಂಬಳಿ ಕೊಟ್ವಿ, ರೊಟ್ಟಿ ಕೊಟ್ವಿ. ಎರಡು ದಿನಕ್ಕೆ ಸಾಕಾಗೋ ನೀರು ಇಟ್ವಿ."

"ಎರಡು ದಿನ."

"ಮಂಗಳವಾರ ಹೋಗಿ ಕರ್ಕೊಂಡು ಬರೋದು ಅಂತಿತ್ತು."

"ಇವತ್ತು ಬುಧವಾರ ಕಣೋ."

"ಗೊತ್ತು," ಅಂದ ಸಾಯಾತ್. "ಹೋಗೋ ಸರದಿ ನಂದಲ್ಲ. ನಿನ್ನೆ ಕೇಳ್ದೆ, 'ಹೋಗಿ ಬಂದೆ, ಇನ್ನೊಂದು ದಿನ ಕೂರ್ತಾನಂತೆ' ಅಂದ್ರು. ಬಾಯ್ಬಿಟ್ರೆ ನೀನೂ ಜೈಲು, ನಿನ್ನ ಅಕ್ಕನ ಮರ್ಯಾದೆನೂ ಮಣ್ಣು ಅಂದ್ರು. ಆದ್ರೆ ನಿನ್ನೆ ಇಡೀ ದಿನ ಅವರ ದೋಣಿ ಕಟ್ಟೆ ಬಿಟ್ಟು ಅಲ್ಲಾಡಿಲ್ಲ ಆಪಾ. ನಾನು ಇಲ್ಲೇ ಕೂತು ನೋಡ್ತಿದ್ದೆ."

ಕೆಮ್ಮುವ ಮೋಟಾರು. ಉಪ್ಪಿಗೆ ಹೋಗಿ ಬಂದು, ಪೀಪಾಯಿ ಮಗುಚಿಟ್ಟಿದ್ದರಿಂದ ಚಾ ಕುಡಿಯದ ಮೋಟಾರು. ಪಾಕ್ ಅವಳ ಮುಂದೆಯೇ ಕೇಳಿದ್ದ. ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ.

"ಒರಿನ್ಬೆಕ್," ಅಂದಳು ರೌಝಾ.

ಸಾಯಾತ್ ಹೌದೆಂದು ತಲೆಯಾಡಿಸಿದ.

ಅವಳು ಫೋನ್ ತೆಗೆದು ಮೆದೆತನ ಹೆಸರು ಒತ್ತಿದಳು. ಸಂಪರ್ಕವಿಲ್ಲ. ಮತ್ತೆ ಒತ್ತಿದಳು. ಸಂಧಿಯ ದಾರಿಯಲ್ಲಿರುವ ಒಂಟೆಗುಡ್ಡದ ಬುಡ ಸೇರಿದರೆ ಫೋನು ಸತ್ತ ಹಾಗೆಯೇ. ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಮೂರೂ ದೋಣಿಗಳು ಗುಡ್ಡದ ಬುಡದಲ್ಲಿ ವೇಗ ತಗ್ಗಿಸಿದ್ದವು. ಮುಂದಿನ ದೋಣಿಯ ಕಿತ್ತಳೆ ಜಾಕೆಟ್ಟು ಎಡಗೈ ಚಾಚಿ ದಾರಿ ತೋರಿಸುತ್ತಿತ್ತು. ಬಯಲ ನೀರಿನ ಕಡೆಗಲ್ಲ, ದಡದ ಜೊಂಡಿನ ಕಡೆಗೆ.

"ಆ ಜೊಂಡಿನ ಕಾಲುವೆಗೆ ಹೊಕ್ಕವರು ಕತ್ತಲಾಗೋ ತನಕ ಹೊರಗೆ ಬರಲ್ಲ ಆಪಾ," ಅಂದ ಸಾಯಾತ್. "ಕೋಯ್ತಾಸ್ ಇರೋದು ಬಯಲ ಕಡೆ."

ಅವಳು ಅವನ ರಟ್ಟೆ ಹಿಡಿದು ಎಳೆದುಕೊಂಡು ಕಟ್ಟೆಗೆ ಓಡಿದಳು. ಪಾಕನ ದೋಣಿಯಲ್ಲಿ ಮೋಟಾರಿರಲಿಲ್ಲ. ಒರಿನ್ಬೆಕನದು ಕೆಮ್ಮುತ್ತಿತ್ತು. ನೀರಿನ ಮೇಲೆ ಸರಿಯಾಗಿದ್ದದ್ದು ಒಂದೇ ದೋಣಿ. ಅವಳು ಪೊಲೀಸರ ಹಳದಿ ಪಟ್ಟಿಯನ್ನು ಕಿತ್ತೆಸೆದು, ಬಿಚ್ಚಿದ್ದ ತಿರುಪನ್ನು ತಾಸ್ಬೊಲಾತನ ಸ್ಪ್ಯಾನರಿನಿಂದಲೇ ಬಿಗಿದಳು.

"ಕೂತ್ಕೊ. ಮುಂದೆ. ಬಂಡೆ ಎಲ್ಲಿ ಅಂತ ಕೈ ತೋರಿಸು. ಇನ್ನೇನೂ ಮಾತಾಡ್ಬೇಡ."

ಪಾಕ್ ಓಡಿ ಬಂದ. ನಲ್ಲಿಯಿಂದ ತುಂಬಿ ತಂದ ದೊಡ್ಡ ಕ್ಯಾನೊಂದನ್ನು ದೋಣಿಗೆ ಇಳಿಸಿ, ಮೊಳೆಯಿಂದ ನೀಲಿ ಲೋಟ ತೆಗೆದು ಅದರ ಮೇಲೆ ಬೋರಲಿಟ್ಟ. ಆಮೇಲೆ ಹಗ್ಗ ಬಿಚ್ಚಿದ.

ಗೇಟಿನ ಪೇದೆ ಕೂಗುತ್ತ ಓಡಿ ಬರುತ್ತಿದ್ದ. ರೌಝಾ ದಾರ ಎಳೆದಳು. ಚಾ ಕುಡಿದ ಮೋಟಾರು ಮೊದಲ ಎಳೆತಕ್ಕೇ ಹೊತ್ತಿಕೊಂಡಿತು, ತೂತು ಕೊಳವೆ ಸೀಟಿ ಹೊಡೆಯಿತು. ಸರೋವರದ ಉದ್ದಕ್ಕೂ ಆ ಸದ್ದು ಹರಿದು ಹೋಯಿತು.

ದೂರದಲ್ಲಿ, ಜೊಂಡಿನ ಬಾಯಿಯಲ್ಲಿ, ದಾರಿ ತೋರಿಸುತ್ತಿದ್ದ ಕಿತ್ತಳೆ ತೋಳು ಕೆಳಗಿಳಿಯಿತು. ಒರಿನ್ಬೆಕ್ ಹಿಂದಿರುಗಿ ನೋಡಿದ.